ಸುಳ್ಳಾಡದ ಯೋಧನ ಪಕ್ಷ ಹಿಡಿದ ಅಕ್ಕೋರು

ಹೋದ ವಾರ ನಮ್ಮ ಕಚೇರಿಯ ಉಗ್ರಾಣ ತೆರವು ಮಾಡುವಾಗ ಒಂದು ಹಳೆಯ ಕಂಪ್ಯೂಟರಿನ ಪ್ಲಾಸ್ಟಿಕ್ ಹೊದಿಕೆ ತೆಗೆದೆ. ಧೂಳಿನದೋ ಕಾದ ವೈರಿನದೋ, ಪರಿಚಯದ ವಾಸನೆಯೊಂದು ಮೂಗಿಗೆ ಬಡಿಯಿತು. ಹೊದಿಕೆ ಹಿಡಿದುಕೊಂಡೇ ನಿಂತುಬಿಟ್ಟೆ... ಚಿಕ್ಕೋಡಿಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಖೋಲಿಯಲ್ಲಿ ನಮಗೆ ಕಂಪ್ಯೂಟರ್ ಕಲಿಸುತ್ತಿದ್ದ ಅಕ್ಕೋರು ನೆನಪಾದರು.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಕರೋಶಿಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನಮ್ಮದು ಕುರಿ ಸಾಕುವ ಮನೆ. ಅಪ್ಪ ತೀರಿಕೊಂಡ ಮೇಲೆ ಕಾಕಾನೇ ಯಜಮಾನ. ಅಕ್ಕೋರು ನಿಪ್ಪಾಣಿಯವರು, ಮಾತು ಅರ್ಧ ಕನ್ನಡ, ಅರ್ಧ ಮರಾಠಿ.

ಶನಿವಾರ ಪಾಠ ಮುಗಿದ ಮೇಲೆ ಅವರು ಒಂದು ಆಟ ಹಾಕುತ್ತಿದ್ದರು. ಅವರ ತಮ್ಮ ಪುಣೆಯಿಂದ ತಂದುಕೊಟ್ಟಿದ್ದ ಸೀಡಿ. ಮಾಯಾಲೋಕದ ಕಥೆ, ಆಡುವವರ ಜೊತೆಗೆ ಮೂವರು ಸಂಗಾತಿಗಳು. ಯೋಧ ಏನೇ ಆದರೂ ಸುಳ್ಳು ಹೇಳುವವನಲ್ಲ. ಕಳ್ಳಿ, ಒಂದು ಜೀವ ಉಳಿಯುವುದಾದರೆ ಎಷ್ಟು ಸುಳ್ಳಾದರೂ ಹೇಳುವವಳು. ಮಂತ್ರವಾದಿ ಮಾತ್ರ ಎಲ್ಲದಕ್ಕೂ ತನಗೇನು ಲಾಭವೆಂದು ನೋಡುವವ. ಪರದೆಯ ಮೇಲಿನ ಇಂಗ್ಲಿಷನ್ನು ಅಕ್ಕೋರು ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದರು. ಅವರ ಬಾಯಲ್ಲಿ ಆ ಮಂತ್ರವಾದಿ ನಿಪ್ಪಾಣಿಯ ತಂಬಾಕು ದಲಾಲನ ಹಾಗೆ ಮಾತಾಡುತ್ತಿದ್ದ.

ಒಮ್ಮೆ ಆಟದಲ್ಲಿ, ಓಡಿಬಂದವನೊಬ್ಬ ನಮ್ಮವರ ಬಳಿ ಅಡಗಿಕೊಂಡ. ಅವನನ್ನು ಹುಡುಕಿಕೊಂಡು ಸೈನಿಕರು ಬಾಗಿಲಿಗೆ ಬಂದರು. ಇದ್ದದ್ದು ಹೇಳೋಣ ಎಂದ ಯೋಧ. ಯಾರೂ ಬಂದಿಲ್ಲ ಅನ್ನೋಣ ಎಂದಳು ಕಳ್ಳಿ. ಒಪ್ಪಿಸಿದರೆ ಏನು ಕೊಡುತ್ತಾರೆ ಕೇಳು ಎಂದ ಮಂತ್ರವಾದಿ. ನಾವೆಲ್ಲ ಕಳ್ಳಿಯ ಪರ. ಅಕ್ಕೋರು ಒಬ್ಬರೇ ಯೋಧನ ಪರ.

"ಖರೆ ಹೇಳಿ ಅವನ್ನ ಸಾಯಸೂದೇನ್ರಿ?" ಎಂದು ನಾನು ಜಗಳಕ್ಕೇ ಬಿದ್ದೆ.

"ಸುಳ್ಳ ಹೇಳಿದ್ರ ನಾಳೆ ನಮ್ಮ ಮಾತ ಯಾರ ನಂಬತಾರ?" ಅಂದರು. ನನಗೆ ಅದು ಕಲ್ಲೆದೆಯ ಮಾತಾಗಿ ಕಂಡಿತು.

ಪರೀಕ್ಷೆ ಹತ್ತಿರ ಬಂದಾಗಲೇ ಕಬ್ಬಿನ ಕಟಾವು ಮುಗಿದು ನಮ್ಮ ಕುರಿಗಳು ಉಗಾರ ಬುದ್ರುಕದ ಹೊಲಗಳಿಗೆ ಹೊರಟವು. ಅಡಿಗೆಗೆ ಜನ ಬೇಕು, ನೀನೂ ನಡಿ ಎಂದ ಕಾಕಾ. ನಾನು ಅವ್ವನಿಗೆ ಮಾತ್ರ ಹೇಳಿ ಬೆಳಗಿನ ಬಸ್ಸು ಹತ್ತಿ ಕ್ಲಾಸಿಗೆ ಬಂದೆ. ಮುಂದಿನ ಬಸ್ಸಿಗೇ ಕಾಕಾ ಬಂದ. ಅವನು ರಸ್ತೆ ದಾಟುತ್ತಿದ್ದುದು ಕಿಟಕಿಯಿಂದ ಕಂಡಿತು. "ಇಲ್ಲ ಅಂತ ಹೇಳ್ರಿ ಅಕ್ಕೋರೆ" ಎಂದು ಬೇಡಿಕೊಂಡು ಒಳಖೋಲಿ ಸೇರಿದೆ. ಅವರು ಹೂಂ ಅನ್ನಲಿಲ್ಲ.

"ನಮ್ಮ ಹುಡುಗಿ ಬಂದಾಳೇನ್ರಿ?"

"ಬಂದಾಳ್ರಿ. ಒಳಗ ಅದಾಳ."

ನಾನು ಬಾಗಿಲ ಹಿಂದೆ ಸರಿದೆ. ಅಕ್ಕೋರೇ ಮುಂದುವರಿಸಿದರು:

"ಆದ್ರ ಈಗ ಕಳಸೂದಿಲ್ರಿ. ನಾಡಿದ್ದ ಪರೀಕ್ಷಾ ಐತಿ. ಮುಗದ ಮ್ಯಾಲ ಉಗಾರಕ್ಕ ನಾನ ಕರಕೊಂಡ ಬರ್ತೇನಿ."

"ನಮ್ಮ ಹುಡುಗೀನ ತಡ್ಯಾಕ ನೀವ್ಯಾರ್ರಿ?"

"ಕಲಿಸಾಕಿ ರೀ. ಇಲ್ಲ ಅಂದು ನಿಮ್ಮನ್ನ ಹೊಳ್ಳಿ ಕಳಸಬಹುದಿತ್ತ. ಹಂಗ ಮಾಡ್ಲಿಲ್ಲ. ಅದಕ್ಕ ನನ್ನ ಈ ಮಾತೂ ನಂಬ್ರಿ."

ಕಾಕಾ, "ಮಾತ ತಪ್ಪಬ್ಯಾಡ್ರಿ ಮತ್ತ" ಎಂದು ಮೆಟ್ಟಿಲಿಳಿದು ಹೋದ ಸಪ್ಪಳ ಕೇಳಿತು. ನಾನು ಅಳುತ್ತ ಹೊರಬಂದೆ. ಅಕ್ಕೋರು ಒಂದು ಲೋಟ ನೀರು ಕೊಟ್ಟು, ಅರ್ಧಕ್ಕೆ ಬಿಟ್ಟ ಪಾಠ ಮುಂದುವರಿಸಿದರು.

ಪರೀಕ್ಷೆ ಮುಗಿದ ಮರುದಿನ ಅವರು ನನ್ನ ಜೊತೆ ಉಗಾರಕ್ಕೆ ಬಂದೇ ಬಂದರು. ಕುರಿಗಳ ನಡುವೆ ಕಂಬಳಿಯ ಮೇಲೆ ಕೂತು ರೊಟ್ಟಿ ತಿಂದರು. "ಈಕಿಗೆ ನೌಕರಿ ಸಿಗತೈತೇನ್ರಿ?" ಎಂದು ಕಾಕಾ ಕೇಳಿದ. "ಗೊತ್ತಿಲ್ರಿ" ಅಂದರು ಅಕ್ಕೋರು. ಕಾಕಾ ಜೋರಾಗಿ ನಕ್ಕುಬಿಟ್ಟ.

ನೌಕರಿ ಸಿಕ್ಕಿತು, ಅಥಣಿಯಲ್ಲಿ. ಕ್ಲಾಸು ಮುಚ್ಚಿ ಅಕ್ಕೋರು ಕೊಲ್ಹಾಪುರಕ್ಕೆ ಹೋದರು. ಹೋಗಿ ಕಾಣಬೇಕೆಂದು ಪ್ರತಿ ದೀಪಾವಳಿಗೂ ಅಂದುಕೊಳ್ಳುತ್ತಿದ್ದೆ... ಅವರು ತೀರಿಹೋದ ಸುದ್ದಿ ನನಗೆ ತಲುಪಿದ್ದೇ ತಡವಾಗಿ, ಅವರ ತಮ್ಮ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ.

ಮೊನ್ನೆ ಊರಿಗೆ ಹೋದಾಗ, ಅಕ್ಕೋರು ಇನ್ನಿಲ್ಲವೆಂದು ಕಾಕಾನಿಗೆ ಹೇಳಿದೆ. ಈಗ ಅವನಿಗೆ ಕಣ್ಣು ಮಂಜು. ಅವನು ಅಂದ: "ಅವತ್ತ ನಿನ್ನ ಕರಕೊಂಡ ಹೋಗಾಕ ನನಗೂ ಮನಸ್ಸ ಇರಲಿಲ್ಲ ಬೇ. ಯಾರರೆ ಬ್ಯಾಡ ಅನ್ಲಿ ಅಂತ ದಾರಿ ತುಂಬ ಅನಕೋತ ಬಂದಿದ್ದೆ. ನಿಮ್ಮ ಅಕ್ಕೋರ ಬ್ಯಾಡ ಅಂದ್ರು ನೋಡು, ತಲಿ ಮ್ಯಾಲಿನ ಭಾರ ಇಳಸಿಧಂಗಾತು."

ಇಷ್ಟು ವರ್ಷ ಅವನು ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದವರಿಗೆ ಹೇಳೋಣವೆಂದರೆ ಈಗ ಅವರಿಲ್ಲ.