ಕಾಯುವ ಕೋಣೆಯ ಕುರ್ಚಿ

ಬೀದಿಯವರೆಲ್ಲ ಅವಳನ್ನು ದಬ್ಬಣದಜ್ಜಿ ಎಂದೇ ಕರೆಯುತ್ತಿದ್ದರು. ಗಂಡ ಕುರ್ಚಿ, ಸೋಫಾಗಳಿಗೆ ಮೆತ್ತೆ ಕೂರಿಸುವವನು. ಮದುವೆಯಾಗಿ ಬಂದ ಮೂರನೆಯ ದಿನವೇ ಹೆಂಡತಿಯ ಕೈಗೆ ಗೇಣುದ್ದದ ದಬ್ಬಣ ಕೊಟ್ಟು, "ಅಡುಗೆ ಹೇಗೋ ಆಗುತ್ತೆ, ಮೊದಲು ಇದನ್ನ ಹಿಡಿಯೋದು ಕಲಿ" ಎಂದಿದ್ದನಂತೆ. ನಲವತ್ತು ವರ್ಷ ಇಬ್ಬರೂ ಒಂದು ಕಿರುಕೋಣೆಯಲ್ಲಿ ಎದುರುಬದುರು ಕೂತು ದುಡಿದರು. ಸ್ಪ್ರಿಂಗುಗಳನ್ನು ಹುರಿಯಿಂದ ಬಿಗಿದು ನಾರು ತುಂಬುವುದು ಅವನ ಪಾಲು, ಮೇಲೆ ಬಟ್ಟೆ ಹೊಲಿಯುವುದು ಅವಳ ಪಾಲು. ಮುಗಿದ ಕುರ್ಚಿಯಲ್ಲಿ ಮೊದಲು ಕೂತು ನೋಡಬೇಕಾದವಳೂ ಅವಳೇ. ಅವಳು ಒಪ್ಪಿದ ಮೇಲೆಯೇ ಗಿರಾಕಿಗೆ ಹೇಳಿಕಳಿಸುತ್ತಿದ್ದುದು.

ಅವನು ಹೋಗಿ ಆರು ವರ್ಷವಾಗಿತ್ತು. ಅಂಗಡಿ ಖಾಲಿ ಮಾಡಿದ ದಿನ ಅಜ್ಜಿಗೆ ಒಂದು ವಿಷಯ ಹೊಳೆದು, ಮುಳ್ಳಿನ ಹಾಗೆ ಒಳಗೇ ಉಳಿದುಬಿಟ್ಟಿತು. ಜೀವಮಾನವೆಲ್ಲ ಕುರ್ಚಿ ಮಾಡಿದವನ ಮನೆಯಲ್ಲಿ ಅವನ ಕೈಯದು ಒಂದೇ ಒಂದು ಕುರ್ಚಿ ಇರಲಿಲ್ಲ. ಮಾಡಿದ್ದೆಲ್ಲ ಮುಗಿದ ದಿನವೇ ಬೇರೆಯವರ ಮನೆ ಸೇರಿತ್ತು. ಇವರು ಕೂತದ್ದು ಮರದ ಬೆಂಚು, ಪ್ಲಾಸ್ಟಿಕ್ ಸ್ಟೂಲು. ಗೋಡೆಯ ಮೇಲೆ ಅವನ ಫೋಟೊ ಇತ್ತು. ಅಜ್ಜಿಗೆ ಅವನ ಕೈಗೆಲಸ ಬೇಕಿತ್ತು.

ಹೀಗಿರುವಾಗ ಬೀದಿಯ ತಿರುವಿನಲ್ಲಿ ಬಿಯರಿನ ಜೊತೆ ಊಟವನ್ನೂ ಬಡಿಸುವ ಒಂದು ಗ್ಯಾಸ್ಟ್ರೋಪಬ್ ತೆರೆಯಿತು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಸೊಸೆ ಅಂದು ಸಂಜೆ ಬ್ಯಾಗು ಕೆಳಗಿಡುವ ಮೊದಲೇ ಸುದ್ದಿ ಹೇಳಿದಳು. "ಅತ್ತೆ, ಅಲ್ಲಿ ಹಳೇ ರೈಲು ನಿಲ್ದಾಣದ ಕುರ್ಚಿಗಳನ್ನ ಹಾಕಿದ್ದಾರಂತೆ. ಕಾಯೋ ಕೋಣೇಲಿದ್ದವು. ಹರಾಜಲ್ಲಿ ಸಿಕ್ಕಿದ್ವಂತೆ."

ಬಟಾಣಿ ಸುಲಿಯುತ್ತಿದ್ದ ಅಜ್ಜಿಯ ಕೈ ನಿಂತಿತು. "ಎಷ್ಟು?"

"ಇಪ್ಪತ್ತೋ ಇಪ್ಪತ್ತೈದೋ."

"ಇಪ್ಪತ್ನಾಲ್ಕು. ಒಂದು ಬೇಸಿಗೆ ಪೂರ್ತಿ ನಮ್ಮಿಬ್ಬರಿಗೂ ಅದೇ ಕೆಲಸ. ನಿನ್ನ ಗಂಡ ಆಗ ಹೊಟ್ಟೇಲಿದ್ದ." ಬಟಾಣಿಯ ಬುಟ್ಟಿ ಪಕ್ಕಕ್ಕೆ ಸರಿಸಿ, "ನಾನು ಅಲ್ಲಿಗೆ ಹೋಗಬೇಕಲ್ಲ" ಎಂದಳು.

"ಅತ್ತೆ, ಅದು ಬಿಯರು ಕುಡಿಯೋ ಜಾಗ!"

"ಊಟಾನೂ ಸಿಗುತ್ತಂತಲ್ಲ? ಕುಡಿಯೋರು ಕುಡೀಲಿ. ನಾನೇನು ಅವರ ಲೋಟ ಕಿತ್ಕೊಳ್ತೀನಾ?"

ಭಾನುವಾರ ಮಧ್ಯಾಹ್ನ ಇಬ್ಬರೂ ಹೋದರು. ಒಳಗೆ ಇಟ್ಟಿಗೆಯ ಗೋಡೆ, ತಾಮ್ರದ ದೀಪಗಳು, ಹುರಿದ ಬೆಳ್ಳುಳ್ಳಿಯ ಘಮ. ಕುರ್ಚಿಗಳ ಬಾಗಿದ ಕಾಲು ಕಂಡ ಕೂಡಲೇ ಅಜ್ಜಿಗೆ ಗುರುತು ಸಿಕ್ಕಿತು. ಮೇಲಿನ ಬಟ್ಟೆ ಮಾತ್ರ ಹೊಸದು, ಕಡು ಹಸಿರು. ಒಂದರಲ್ಲಿ ಕೂತಳು, ಎದ್ದಳು. ಪಕ್ಕದ್ದರಲ್ಲಿ ಕೂತಳು, ಎದ್ದಳು. ಮೂರನೆಯದಕ್ಕೆ ಹೋದಾಗ ಸೊಸೆ ಸೆರಗು ಜಗ್ಗಿದಳು.

"ಅತ್ತೆ, ಎಲ್ಲಾ ನೋಡ್ತಿದ್ದಾರೆ. ಕಲ್ಲಂಗಡಿ ತಟ್ಟಿ ನೋಡೋ ಹಾಗೆ ಮಾಡ್ತಿದ್ದೀರಲ್ಲ!"

"ಸ್ಪಂಜು," ಎಂದಳು ಅಜ್ಜಿ. "ಬರೀ ಸ್ಪಂಜು."

ಪಬ್ಬಿನ ಯಜಮಾನಿ ಬಂದಳು, ಗಿಡ್ಡಗೂದಲಿನ, ನಲವತ್ತರ ಹೆಂಗಸು. "ಏನಮ್ಮ, ಕುರ್ಚಿ ಹಿಡಿಸ್ಲಿಲ್ವಾ?" ಎಂದು ಕೇಳಿದಳು. ಸೊಸೆ ನಾಚಿಕೆಪಡುತ್ತಲೇ ಇದ್ದದ್ದು ಇದ್ದ ಹಾಗೆ ಹೇಳಿದಳು. ಯಜಮಾನಿಯ ಮುಖ ಸಣ್ಣದಾಯಿತು.

"ಅಯ್ಯೋ, ಇಲಿ ಕಡಿದು ನಾರೆಲ್ಲ ಪುಡಿಪುಡಿ ಆಗಿತ್ತಮ್ಮ. ಒಳಗಿಂದೆಲ್ಲ ತೆಗೆಸಿಬಿಟ್ವಿ. ಒಂದಕ್ಕೆ ಮಾತ್ರ ಮೇಲಿನ ಬಟ್ಟೆ ಬದಲಾಯಿಸಿದ್ದಷ್ಟೆ, ಒಳಗೆ ಬಿಚ್ಚಲಿಲ್ಲ. ಇದಕ್ಕೇನೂ ಆಗಿಲ್ಲ, ಮುಟ್ಟಬೇಡಿ ಅಂದ್ರು ಕೆಲಸದವರು. ಅಗೋ, ಆ ಕಿಟಕಿ ಹತ್ರದ್ದು."

ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಬೋಳುತಲೆಯವನೊಬ್ಬ ಕೂತಿದ್ದ. ಮುಂದೆ ಅರ್ಧ ಗ್ಲಾಸು ಬಿಯರು, ಪದಬಂಧ.

"ಎಬ್ಬಿಸಲಾ?"

"ಬೇಡಮ್ಮ. ಕೂತವರನ್ನ ಎಬ್ಬಿಸಬಾರದು. ನನಗೇನು ಅವಸರ?"

ಅಜ್ಜಿ ಸ್ಪಂಜಿನ ಕುರ್ಚಿಯಲ್ಲೇ ಕೂತು ಅಣಬೆ ಸೂಪು ತರಿಸಿದಳು. ಸೂಪು ಆರಿತು. ಬೋಳುತಲೆಯವನು ಕಾಲು ಅಲ್ಲಾಡಿಸಿದ, ಪೆನ್ಸಿಲು ಕಚ್ಚಿದ, ಹಿಂದಕ್ಕೆ ಒರಗಿದ. ಅವನು ಒರಗಿದಾಗಲೆಲ್ಲ ಅಜ್ಜಿಯ ಬೆನ್ನೂ ತಾನಾಗಿ ಹಿಂದಕ್ಕೆ ಹೋಗುತ್ತಿತ್ತು. ಗುರುತು ಪರಿಚಯವಿಲ್ಲದ ಒಬ್ಬನ ಮೇಲೆ ಇಷ್ಟೊಂದು ಹೊಟ್ಟೆಕಿಚ್ಚು ಅವಳಿಗೆ ಈ ವಯಸ್ಸಿನಲ್ಲಿ ಹೊಸದು.

"ಇನ್ನೊಂದು ಗ್ಲಾಸು ತರಿಸಿದ ನೋಡಿ," ಸೊಸೆ ಹಲ್ಲು ಕಡಿದಳು. "ಏಳೋ ಮಾರಾಯ. ಮನೇಲಿ ಹೆಂಡ್ತಿ ಇಲ್ವಾ ನಿನಗೆ?"

"ಇರಲಿಕ್ಕಿಲ್ಲ," ಎಂದಳು ಅಜ್ಜಿ. "ಅದಕ್ಕೇ ಪಾಪ ಇಷ್ಟು ಹೊತ್ತು ಕೂತಿದ್ದಾನೆ."

ಒಂದೂಕಾಲು ಗಂಟೆಯ ಮೇಲೆ ಅವನು ಪೇಪರು ಮಡಿಸಿ ಎದ್ದ. ಅಜ್ಜಿ ಹೋಗಿ ಕೈಯಾಸರೆ ಹಿಡಿದು ಮೆಲ್ಲಗೆ ಕೂತಳು. ಕುರ್ಚಿ ಮೊದಲು ಸ್ವಲ್ಪ ತಗ್ಗಿತು. ಆಮೇಲೆ ಅಡಿಯಿಂದ ಯಾರೋ ಅಂಗೈ ಕೊಟ್ಟ ಹಾಗೆ ಹಿಡಿದುಕೊಂಡಿತು. ಸ್ಪ್ರಿಂಗನ್ನು ಹಾಗೆ ಬಿಗಿಯಲು ಊರಿನಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

"ಮಾವನದೇನಾ ಅತ್ತೆ?"

ಅಜ್ಜಿ ಅಂಗೈಯಿಂದ ಮೆತ್ತೆಯ ಅಂಚು ಒತ್ತಿ ನೋಡಿದಳು. ಆ ಬೇಸಿಗೆಯಲ್ಲಿ ಅವಳು ತುಂಬಿದ ಬಸುರಿ. ಒಂದೊಂದು ಕುರ್ಚಿಯಲ್ಲೂ ಕೂತು, ಏಳಲಾರದೆ ಎರಡೂ ಕೈ ಚಾಚುತ್ತಿದ್ದಳು. ಅವನು ಹುರಿ ಕೊಯ್ದು ಗೀರಾದ ಬೆರಳುಗಳಿಂದ ಹಿಡಿದು, "ಬಾರೇ ಬಾ, ಗಿರಾಕಿ ಬಂದು ಬೈತಾನೆ" ಎಂದು ನಗುತ್ತ ಎಳೆದು ಎಬ್ಬಿಸುತ್ತಿದ್ದ. ಇಪ್ಪತ್ತನಾಲ್ಕು ಸಲ.

ಅಷ್ಟರಲ್ಲಿ ಬಾಗಿಲಲ್ಲಿ ಐದು ಜನ ಬಂದು ನಿಂತರು. ಜಾಗ ಎಲ್ಲೂ ಇರಲಿಲ್ಲ. ಯಜಮಾನಿ ಇತ್ತ ಒಮ್ಮೆ ನೋಡಿ, ಕೇಳಲಾರದೆ ಮುಖ ತಿರುಗಿಸಿದಳು. ಅಜ್ಜಿಗೆ ಅರ್ಥವಾಯಿತು. ಏಳಲು ಹೊರಟಾಗ ಅವಳ ಎರಡೂ ಕೈ ತಾವಾಗಿ ಮುಂದಕ್ಕೆ ಚಾಚಿದವು. ಸೊಸೆ ಬ್ಯಾಗಿನಲ್ಲಿ ಏನೋ ಹುಡುಕುತ್ತಿದ್ದಳು, ನೋಡಲಿಲ್ಲ. ಗಾಳಿಯಲ್ಲಿ ಒಂದು ಗಳಿಗೆ ಹಾಗೇ ಇದ್ದ ಕೈಗಳನ್ನು ಅಜ್ಜಿ ಹಿಂದಕ್ಕೆ ತಂದು, ಕುರ್ಚಿಯ ಕೈಯಾಸರೆಗೆ ಊರಿ, ತಾನೇ ಎದ್ದಳು.

ಬಂದವರಲ್ಲಿ ದಣಿದ ಮುಖದ ಹೆಂಗಸೊಬ್ಬಳು ಅದರಲ್ಲಿ ಕೂತಳು. ಏನನ್ನೂ ಗಮನಿಸದೆ ಚಪ್ಪಲಿ ಬಿಟ್ಟು, ಒರಗಿ, ಉಸಿರು ಬಿಟ್ಟಳು.

ಬಾಗಿಲ ಹತ್ತಿರ ಅಜ್ಜಿ ಸೊಸೆಯ ತೋಳು ಹಿಡಿದು ನಿಲ್ಲಿಸಿದಳು.

"ಭಾನುವಾರ ಇವರು ಎಷ್ಟು ಗಂಟೆಗೆ ಬಾಗಿಲು ತೆಗೀತಾರೆ, ಕೇಳ್ಕೊಂಡು ಬಾ."