ಹರ್ಡಲ್ ಬಿದ್ದ ಸದ್ದು

ನನ್ನ ಅಪ್ಪ ಬಬಲೇಶ್ವರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ. ಕಿಟಕಿ, ಗೇಟು ಮಾಡಿ ಉಳಿದ ಪೈಪು, ಪಟ್ಟಿಗಳಿಂದ, ಓಟದಲ್ಲಿ ಹಾರಿ ದಾಟಲು ನನಗೆ ಐದು ಹರ್ಡಲ್ ಮಾಡಿಕೊಟ್ಟಿದ್ದ. ವಿಜಯಪುರದ ಸ್ಟೇಡಿಯಂನಲ್ಲಿದ್ದವು ಕಾಲು ತಾಗಿದರೆ ಸುಮ್ಮನೆ ಮಗುಚುತ್ತಿದ್ದವು. ಅಪ್ಪನವು ಬಿದ್ದರೆ ಸದ್ದು ಊರಿಗೆಲ್ಲ ಕೇಳಿಸುತ್ತಿತ್ತು. ನನ್ನ ಮೊಣಕಾಲಿನ ಕಲೆಗಳೆಲ್ಲ ಅವುಗಳದೇ ಕಾಣಿಕೆ.

ಭಾನುವಾರ ಬಸ್ಸು ಹಿಡಿದು ವಿಜಯಪುರಕ್ಕೆ ಹೋಗಿ ಕೋಚ್ ಬಳಿ ಕಲಿಯುತ್ತಿದ್ದೆ. ಅವರ ಮಾತು ಕಡಿಮೆ, ನಿಯಮ ಎರಡೇ. ಹರ್ಡಲ್ ಬಿದ್ದ ಸದ್ದಾದರೆ ತಿರುಗಿ ನೋಡಬಾರದು. ಗೆರೆ ದಾಟಿದ ಮೇಲೂ ತಿರುಗದೆ ಮುಂದೆ ನಡೆಯುತ್ತ ಇಪ್ಪತ್ತು ಉಸಿರು ಎಣಿಸಬೇಕು. ಊರಿನ ಮೈದಾನದಲ್ಲಿ ಈ ನಿಯಮಗಳಿಗೆ ಅಪ್ಪನೇ ಕಾವಲು. ಮೂರನೇ ಹರ್ಡಲ್ ಪಕ್ಕ ಬಕೆಟ್ ಬೋರಲು ಹಾಕಿ ಕೂತು, ಒಂದು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು, ನಾನು ದಾಟಿ ಹೋದದ್ದೇ ಇನ್ನೊಂದರಿಂದ ಬೇಕಂತಲೇ ತಗಡಿನ ಡಬ್ಬಿ ಬಡಿಯುತ್ತಿದ್ದ. ಒಮ್ಮೆ ನಾನು ಕತ್ತು ತಿರುಗಿಸಿದ್ದಕ್ಕೆ, "ಏನ ನೋಡ್ತಿ? ಹಿಂದ ಏನ ಐತಿ?" ಎಂದು ರೇಗಿ, ಮತ್ತೆ ಹತ್ತು ಸಲ ಓಡಿಸಿದ.

ಆ ದಿನ ರಾಜ್ಯ ಕ್ರೀಡಾಕೂಟಕ್ಕೆ ಇನ್ನು ಇಪ್ಪತ್ತು ದಿನವಿತ್ತು. ಬೆಳಿಗ್ಗೆ ಮೈದಾನದಲ್ಲಿ ನಾವಿಬ್ಬರೇ. ನಾಲ್ಕನೇ ಹರ್ಡಲ್ ಹಾರುವಾಗ ಹಿಂದೆ ಕಬ್ಬಿಣ ಬಿದ್ದ ಸದ್ದಾಯಿತು. ನನ್ನ ಕಾಲಿಗೆ ಏನೂ ತಾಗಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅಪ್ಪ ಇವತ್ತು ಡಬ್ಬಿ ಬಿಟ್ಟು ಹರ್ಡಲ್ಲನ್ನೇ ಕೆಡವಿದ್ದಾನೆ ಅಂದುಕೊಂಡು ಒಳಗೊಳಗೇ ನಕ್ಕೆ. ಗೆರೆ ದಾಟಿ, ತಿರುಗದೆಯೇ, "ಎಷ್ಟಾತಪ್ಪಾ?" ಎಂದು ಕೂಗಿದೆ. ಉತ್ತರ ಬರಲಿಲ್ಲ. ಇದೂ ಪರೀಕ್ಷೆಯೇ ಇರಬೇಕು ಎಂದು ಹಟ ಹಿಡಿದು ಬೇವಿನ ಮರದವರೆಗೆ ನಡೆದೆ. ಇಪ್ಪತ್ತು ಉಸಿರು ಎಣಿಸಿದೆ. ಒಂದೂ ತಪ್ಪಲಿಲ್ಲ.

ಅಪ್ಪ ಮೂರನೇ ಹರ್ಡಲ್ ಮೇಲೆ ಬೋರಲಾಗಿ ಬಿದ್ದಿದ್ದ. ಕೈಯಲ್ಲಿದ್ದ ವಾಚು ಇನ್ನೂ ಓಡುತ್ತಿತ್ತು.

ಜನ ಸೇರಿದರು, ಅಪ್ಪನನ್ನು ಜೀಪಿನಲ್ಲಿ ಹಾಕಿಕೊಂಡು ವಿಜಯಪುರಕ್ಕೆ ಹೊರಟೆವು. ಅರ್ಧ ದಾರಿಯಲ್ಲೇ ಉಸಿರು ನಿಂತಿತು. "ಎರಡ ನಿಮಿಷ ಮೊದಲ ನೋಡಿದ್ರೂ ಏನೂ ಉಪಯೋಗ ಆಗ್ತಿದ್ದಿಲ್ಲ ತಂಗಿ," ಎಂದರು ಡಾಕ್ಟರು. ಒಳ್ಳೆಯ ಮನುಷ್ಯ. ನಾನು ನಂಬಲಿಲ್ಲ, ಇವತ್ತಿಗೂ ನಂಬುವುದಿಲ್ಲ.

ರಾಜ್ಯ ಕೂಟಕ್ಕೆ ಹೋದೆ. ಹೋಗಬೇಡ ಎಂದು ಯಾರಾದರೂ ಹೇಳಲಿ ಎಂದು ಕಾದೆ, ಯಾರೂ ಹೇಳಲಿಲ್ಲ. ಫೈನಲ್‌ನಲ್ಲಿ ಪಕ್ಕದ ಲೇನಿನ ಹುಡುಗಿ ಹರ್ಡಲ್ ಸಮೇತ ಬಿದ್ದು ಚೀರಿದಳು. ನನ್ನ ಕತ್ತು ಅಲುಗಲಿಲ್ಲ. ಚಿನ್ನದ ಪದಕ ಬಂತು. ಪೇಪರಿನವರು ನನ್ನ ಏಕಾಗ್ರತೆಯನ್ನು ಹೊಗಳಿ ಬರೆದರು. ಓದುತ್ತ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಈಗ ತಿಕೋಟಾದ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದೇನೆ. ಅಪ್ಪ ಮಾಡಿದ ಹರ್ಡಲ್‌ಗಳನ್ನೇ ತಂದಿಟ್ಟುಕೊಂಡಿದ್ದೇನೆ. ಮೊನ್ನೆ ಎಲ್ಲರಿಗಿಂತ ಮುಂದಿದ್ದ ಹುಡುಗಿಯೊಬ್ಬಳು ಹಿಂದೆ ಸದ್ದಾದದ್ದೇ ನಿಂತು, ಬಿದ್ದ ಗೆಳತಿಯನ್ನು ಎಬ್ಬಿಸಲು ವಾಪಸ್ ಓಡಿದಳು. ನೋಡುತ್ತಿದ್ದ ಹೆಡ್ ಮಾಸ್ತರರು, "ಇಕಿ ಚಾಂಪಿಯನ್ ಆಗಂಗಿಲ್ಲ ಬಿಡ್ರಿ ಮೇಡಂ," ಎಂದರು.

"ಆಗಂಗಿಲ್ಲ ಸರ್," ಎಂದೆ. ನನಗೆ ಎಷ್ಟೋ ವರ್ಷಗಳ ಮೇಲೆ ಸಮಾಧಾನವಾಗಿತ್ತು. ಆ ಹುಡುಗಿಯನ್ನು ಮನೆಗೆ ಕರೆದೊಯ್ಯಲು ಬಂದಿದ್ದ ಅವಳಪ್ಪ ಗೇಟಿನ ಬಳಿ ಬೈಕಿನ ಮೇಲೆ ಕೂತು ಕಾಯುತ್ತಿದ್ದ.