ಎಡಗಡೆಯ ಬ್ಯಾಗೆಟ್

ಮಾರೇನಹಳ್ಳಿಯ ರುದ್ರಮುನಿಗೆ ಅರವತ್ತೆರಡು ವರ್ಷ. ಅದರಲ್ಲಿ ನಲವತ್ತನ್ನು ಅವರು ಒಡವೆಗೆ ಹರಳು ಕೂರಿಸುತ್ತಲೇ ಕಳೆದಿದ್ದರು. ಕೂತರೆ ಏಳದ ಮನುಷ್ಯ ಎಂದು ಬೀದಿಗೆಲ್ಲ ಹೆಸರು. ಅಂಥವರು ಮೂರು ದಿನದಿಂದ ಅಂಗಾಲು ಸುಟ್ಟ ಬೆಕ್ಕಿನಂತೆ ಅಂಗಡಿಯ ಒಳಗೂ ಹೊರಗೂ ಓಡಾಡುತ್ತಿದ್ದರು.

ಕಾರಣ, ಅಂಬುಜಾ ಮೇಡಂ ಉಂಗುರ. ಬಸವೇಶ್ವರನಗರದ ಈ ನಿವೃತ್ತ ಗಣಿತದ ಮೇಡಂ ತಮ್ಮ ತಾಯಿಯ ಮೂಗುಬೊಟ್ಟಿನ ದುಂಡು ವಜ್ರ ತಂದು, ಉಂಗುರ ಮಾಡಿಕೊಡಿ ಎಂದಿದ್ದರು. ಅದರ ಎರಡು ಪಕ್ಕಕ್ಕೂ ಬ್ಯಾಗೆಟ್ ಇಡೋಣವೆಂದು ಆಸೆ ಹುಟ್ಟಿಸಿದ್ದು ರುದ್ರಮುನಿಯೇ. ಬ್ಯಾಗೆಟ್ ಎಂದರೆ ಪುಟ್ಟ ಇಟ್ಟಿಗೆಯಂತೆ ಉದ್ದಕ್ಕೆ, ಚಪ್ಪಟೆಯಾಗಿ ಕತ್ತರಿಸಿದ ವಜ್ರ.

“ದುಂಡು ಕಲ್ಲು ಬಾಯಿಬಡುಕಿ ಮೇಡಂ, ಸದಾ ಮಿಂಚ್ತಾನೇ ಇರುತ್ತೆ. ಇದಕ್ಕೆ ಮಾತು ಕಮ್ಮಿ. ಕೈ ಆಡಿಸಿದಾಗ ಒಂದ್ಸಲ ಪಳ್ ಅನ್ನುತ್ತೆ, ಸುಮ್ಮನಾಗುತ್ತೆ. ಪಕ್ಕದಲ್ಲಿ ಇದಿದ್ರೆ ನಿಮ್ಮ ಅಮ್ಮನ ಕಲ್ಲು ಎದ್ದು ಕಾಣುತ್ತೆ,” ಎಂದಿದ್ದರು.

ಸ್ಕೇಲಿಟ್ಟು ಎಳೆದಂಥ ಆ ಅಂಚುಗಳಿಗೆ ಗಣಿತದ ಮೇಡಂ ಸೋತುಹೋಗಿದ್ದರು.

ಆದರೆ ಬ್ಯಾಗೆಟ್ ಕೂರಿಸುವುದು ಹುಡುಗಾಟವಲ್ಲ. ಚಿನ್ನದ ಎರಡು ಗೋಡೆಗಳ ನಡುವೆ ಹರಳನ್ನಿಟ್ಟು, ಗೋಡೆಯ ಅಂಚನ್ನು ಅದರ ಮೇಲೆ ಒತ್ತಿ ಮಡಿಸಬೇಕು. ನಾಲ್ಕು ಮೂಲೆಯೂ ಸೂಕ್ಷ್ಮ. ಕೈ ಕೂದಲೆಳೆಯಷ್ಟು ಜಾರಿದರೂ ಮುಕ್ಕು. ಅದಕ್ಕೇ ಪಕ್ಕದ ಮಣೆಯಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುವ ಮಗಳು ಕಲಾಳಿಗೆ ಅವರು ದುಂಡು ಕಲ್ಲು ಬಿಟ್ಟು ಬೇರೇನೂ ಕೊಟ್ಟವರಲ್ಲ. “ಇನ್ನೊಂದು ವರ್ಷ ಹೋಗ್ಲಿ ಕಣೇ” ಎಂಬ ಮಾತಿಗೇ ಐದು ವರ್ಷ ತುಂಬಿತ್ತು.

ಸೋಮವಾರ ಎಡಗಡೆಯ ಬ್ಯಾಗೆಟ್ ಒತ್ತುವಾಗ ಅವರ ಕೈ ನಡುಗಿತು. ಟಿಕ್ ಎಂದಿತು. ಭೂತಗನ್ನಡಿಯಲ್ಲಿ ನೋಡಿದರೆ ಮೂಲೆ ಮುಕ್ಕಾಗಿತ್ತು. ಕೈ ನಡುಗುತ್ತದೆಂದು ಗೊತ್ತಾದರೆ ನಾಳೆಯಿಂದ ಯಾರು ಹರಳು ತರುತ್ತಾರೆ? ಮುಕ್ಕಿನ ಮೇಲೆ ಚಿನ್ನ ಒತ್ತಿ, ಬ್ರಹ್ಮ ಬಂದರೂ ಕಾಣದಂತೆ ಮುಚ್ಚಿದರು. ಆ ಕೆಲಸಕ್ಕೆ ಮಾತ್ರ ಕೈ ನಡುಗಲಿಲ್ಲ!

ಅಂದೇ ಸಂಜೆ ಮೇಡಂ ಉಂಗುರ ಒಯ್ದರು. ವಜ್ರ ಎಲ್ಲರಿಗೂ ಆಗಿಬರುವುದಿಲ್ಲ ಎನ್ನುತ್ತಾರಲ್ಲ, ಹಾಗಾಗಿ ಮೂರು ರಾತ್ರಿ ದಿಂಬಿನ ಕೆಳಗಿಟ್ಟು ಮಲಗುವುದು. ಕೆಟ್ಟ ಕನಸು ಬೀಳದಿದ್ದರೆ ಇಟ್ಟುಕೊಳ್ಳುವುದು, ಬಿದ್ದರೆ ಹಿಂತಿರುಗಿಸುವುದು. ಮುಕ್ಕಾದ ವಜ್ರವಂತೂ ಮನೆಗೇ ಕೇಡು. ರುದ್ರಮುನಿ ಇದನ್ನೆಲ್ಲ ನಂಬುವವರಲ್ಲ. ಆದರೂ ಆ ಮೂರು ರಾತ್ರಿ ನಿದ್ದೆಗೆಟ್ಟವರು ಅವರೇ. ಫೋನ್ ಹೊಡೆದುಕೊಂಡಾಗಲೆಲ್ಲ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಬೆಚ್ಚುವರು. ಅನ್ನ ಕಲಸುವರು, ತಿನ್ನದೆ ಏಳುವರು.

ಗುರುವಾರ ಬೆಳಗ್ಗೆ ತಡೆಯಲಾಗದೆ ಆಟೊ ಹತ್ತಿದರು. ಸಿಗ್ನಲ್ಲಿನಲ್ಲಿ ನಿಂತಾಗ ಇಳಿದು ಮನೆಗೆ ಓಡಿಬಿಡೋಣವೆನ್ನಿಸಿತು. ಅಷ್ಟರಲ್ಲಿ ಹಸಿರು ದೀಪ ಬಂತು.

ಮೇಡಂ ನಗುತ್ತ ಬಾಗಿಲು ತೆರೆದರು. ಉಂಗುರ ಬೆರಳಲ್ಲೇ ಇತ್ತು.

“ಆಗಿಬಂತು ರುದ್ರಮುನಿಯವರೇ! ಎಂಥಾ ನಿದ್ದೆ ಅಂತೀರಿ! ಕನಸಲ್ಲಿ ಅಮ್ಮ ಬಂದಿದ್ರು.”

ಅಲ್ಲಿಗೆ ಕೈ ಮುಗಿದು ಹೊರಟುಬಿಡಬಹುದಿತ್ತು. ಯಾರು ಕೇಳುತ್ತಿದ್ದರು?

“ಮೇಡಂ, ಎಡಗಡೇದು ಮುಕ್ಕಾಗಿದೆ. ನನ್ನ ಕೈಯಲ್ಲೇ ಆಗಿದ್ದು. ಚಿನ್ನದಲ್ಲಿ ಮುಚ್ಚಿಟ್ಟಿದೀನಿ,” ಎಂದರು ರುದ್ರಮುನಿ.

ಮೇಡಂ ಮುಖದ ನಗು ಆರಿತು. ಎಡಗಡೆಯ ಕಲ್ಲನ್ನು ಬೆಳಕಿಗೆ ಹಿಡಿದು ನೋಡಿ, ಉಂಗುರ ಕಳಚಿದರು.

“ಬೇರೆ ಕಲ್ಲು ಹಾಕಿಕೊಡಿ. ನೀವೇ ಕೂರಿಸ್ಬೇಕು. ಬಂದು ಹೇಳಿದ್ರಲ್ಲ, ನಂಗಷ್ಟು ಸಾಕು.”

ರುದ್ರಮುನಿ ಕೈ ಚಾಚಿದರು. ಕೈ ನಡುಗುತ್ತಿತ್ತು. ಇಬ್ಬರೂ ಅದನ್ನು ನೋಡಿದರು.

“ನನ್ನ ಮಗಳು ಕೂರಿಸ್ತಾಳೆ ಮೇಡಂ,” ಎಂದರು.

ಅಂಗಡಿಗೆ ಬಂದವರೇ ಉಂಗುರವನ್ನೂ ಅದೇ ಅಳತೆಯ ಹೊಸ ಬ್ಯಾಗೆಟ್ಟನ್ನೂ ಕಲಾಳ ಮಣೆಯ ಮೇಲಿಟ್ಟರು. ಅವಳು ಏನೂ ಕೇಳದೆ ಭೂತಗನ್ನಡಿ ಎತ್ತಿಕೊಂಡಳು.

“ಯಾಕೆ ಅಂತ ಕೇಳಲ್ವೇನೇ?”

“ಸೋಮವಾರ ಟಿಕ್ ಅಂದಿದ್ದು ನಂಗೂ ಕೇಳಿಸ್ತಪ್ಪಾ.”

“ಮತ್ತೆ ಸುಮ್ಮನಿದ್ದೆ?”

“ಮೇಡಂಗೆ ನೀವೇ ಹೇಳ್ಲಿ ಅಂತ. ಇವತ್ತೂ ಹೇಳದೆ ಇದ್ದಿದ್ರೆ, ನಾಳೆಯಿಂದ ಈ ಮಣೆ ಮೇಲೆ ಕೂರ್ತಿರ್ಲಿಲ್ಲ.”

ರುದ್ರಮುನಿಗೆ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು. ತಮ್ಮ ದೀಪವನ್ನು ಅವಳ ಕಡೆಗೆ ತಿರುಗಿಸಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತರು.